ಇಳಿಸಿದ ಶ್ರುತಿ

ತಾರ್ನಾಕದ ತಾರಸಿ ಹೋಟೆಲಿನಲ್ಲಿ ಭಾನುವಾರದ ತಿಂಡಿ ಮುಗಿಸಿ ಕೈ ತೊಳೆದುಕೊಂಡು ಬಂದ ಹಿರಿಯರೊಬ್ಬರು ಮಿಲಿಂದನ ಮುಂದೆ ನಿಂತರು. ಅವನ ಹೆಗಲಿಗೆ ತೂಗುತ್ತಿದ್ದ ವಾದ್ಯದ ಮೇಲೆ ಕೊರಳಿನಿಂದ ಬುಡದವರೆಗೆ ಕಣ್ಣಾಡಿಸಿ, ಮರುಕದಿಂದ, “ದೋ ತಾರ್ ಟೂಟ್ ಗಯೇ ಕ್ಯಾ, ಸಾಬ್?” ಎಂದು ಕೇಳಿದರು.

ಗಿಟಾರಿಗೆ ಆರು ತಂತಿ ಇರಬೇಕು, ಇದಕ್ಕೆ ನಾಲ್ಕೇ ಇವೆ, ಅಂದಮೇಲೆ ಎರಡು ಹರಿದಿರಲೇಬೇಕು ಎಂಬುದು ಅವರ ಲೆಕ್ಕ. ಇದು ಬೇಸ್ ಗಿಟಾರ್, ಇದಕ್ಕಿರುವುದೇ ನಾಲ್ಕು ದಪ್ಪ ತಂತಿ ಎಂದು ಮಿಲಿಂದ ವಿವರಿಸಿದ. ಅವರು ನಂಬಿದಂತೆ ಕಾಣಲಿಲ್ಲ.

“ಉಳಿದೆರಡು ಬರೋ ದೀಪಾವಳಿಗೆ ಹಾಕಸ್ತಾನ್ರಿ,” ಎಂದು ಪಕ್ಕದ ಕುರ್ಚಿಯಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದ ಮೃಣಾಲಿನಿ ಕನ್ನಡದಲ್ಲೇ ಹೇಳಿ ನಕ್ಕರು. ಹಿರಿಯರಿಗೆ ಭಾಷೆ ತಿಳಿಯಲಿಲ್ಲ, ನಗು ತಿಳಿಯಿತು. ಅವರೂ ನಕ್ಕು ಮೆಟ್ಟಿಲಿಳಿದರು.

ಮೃಣಾಲಿನಿ ಮಿಲಿಂದನ ಅಣ್ಣ ಮಲ್ಲಿಕಾರ್ಜುನನ ಹೆಂಡತಿ. ಮಿಲಿಂದನಿಗೆ ವೈನಿ. ದಿಲ್‌ಸುಖ್‌ನಗರದ ಓಣಿಯೊಂದರಲ್ಲಿ ಕೆಳಗಿನ ಮನೆ ಅಣ್ಣಂದು, ಮೇಲಿನ ಎರಡು ಕೋಣೆ ಮಿಲಿಂದಂದು. ಅವನ ಮದುವೆಯ ಮಾತು ಕೆಲವು ಸಲ ಬಂದು, ಶನಿವಾರ ಭಾನುವಾರ ಗಂಡು ಮನೆಯಲ್ಲಿ ಇರುವುದೇ ಇಲ್ಲವಂತೆ ಎಂಬಲ್ಲಿಗೆ ನಿಂತುಹೋಗಿತ್ತು. ಮಾತು ಸುಳ್ಳಲ್ಲ. ವಾರವೆಲ್ಲ ಅವನು ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಗುಣಮಟ್ಟ ಪರೀಕ್ಷೆ ಮಾಡುವ ಕೆಮಿಸ್ಟ್. ವಾರದ ಕೊನೆಗೆ ಬೇಸ್ ನುಡಿಸುವವನು. ಮದುವೆ ಮನೆಯ ಸಂಗೀತ್, ಗಚ್ಚಿಬೌಲಿಯ ಪಬ್ಬು, ಕಾಲೇಜಿನ ಫೆಸ್ಟು, ಗಣಪತಿ ಪೆಂಡಾಲು, ಕ್ರಿಸ್‌ಮಸ್ಸಿನ ಪ್ರಾರ್ಥನೆ, ಎಲ್ಲೆಲ್ಲಿ ಬೇಸ್ ನುಡಿಸುವವನು ಕೈಕೊಟ್ಟನೋ ಅಲ್ಲಿಂದೆಲ್ಲ ಇವನಿಗೆ ಫೋನು ಬರುತ್ತಿತ್ತು. ಆ ವಾದ್ಯದ ಸ್ವಭಾವವೇ ಹಾಗೆ. ನುಡಿಯುತ್ತಿರುವಾಗ ಯಾರಿಗೂ ಬೇಕಿಲ್ಲ. ನಿಂತಾಗ ಮಾತ್ರ ಹಾಡಿನ ಕೆಳಗಿನ ನೆಲ ಕುಸಿದಂತಾಗಿ ಎಲ್ಲರೂ ತಿರುಗಿ ನೋಡುತ್ತಾರೆ.

ವೈನಿ ಮತ್ತು ಅವನು ಸೇರಿ ಕಟ್ಟಿದ ಬ್ಯಾಂಡು ಒಂದು ಕಾಲಕ್ಕೆ ಐದು ಜನರದು. ಗಿಟಾರಿನವನು ಪುಣೆಗೆ ಹೋದ, ಡ್ರಮ್ಮಿನವನು ಪ್ಲಾಟು ಮಾರುವ ದಂಧೆಗೆ ಬಿದ್ದ, ಕೀಬೋರ್ಡಿನ ಹುಡುಗಿ ಮದುವೆಯಾದಳು. ಸವೆದು ಸವೆದು ಇಬ್ಬರು ಉಳಿದರು. ಅದೇ ಹೊತ್ತಿಗೆ ತಾರ್ನಾಕದ ಈ ಹೋಟೆಲಿನವನಿಗೆ ಗದ್ದಲವಿಲ್ಲದ ಸಂಗೀತ ಬೇಕಾಗಿತ್ತು. ಹೀಗೆ ಒಂದು ಕಂಠ, ಒಂದು ಬೇಸ್ ಎಂಬ ಜೋಡಿ ಹುಟ್ಟಿಕೊಂಡಿತು. ಹಳೆಯ ಹಿಂದಿ ಹಾಡು, ನಡುವೆ ಒಂದೆರಡು ತೆಲುಗು, ಕೇಳುವವರಿದ್ದರೆ ಒಂದು ಕನ್ನಡ ಭಾವಗೀತೆ.

ನಡುವೆ ಮೂರನೆಯ ವಾದ್ಯವಿಲ್ಲ. ಮಿಲಿಂದನ ತಂತಿ ಎಲ್ಲಿ ನಿಂತಿದೆಯೋ ಅದೇ ಷಡ್ಜ. ಅದು ಸುಳ್ಳು ಎನ್ನಲು ಅಲ್ಲಿ ಬೇರೊಂದು ಸಾಕ್ಷಿಯಿರಲಿಲ್ಲ. ಎಲ್ಲ ಹಾಳಾದದ್ದು ಇದರಿಂದ.

ಎರಡು ವರ್ಷದ ಹಿಂದೆ ವೈನಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದಲ್ಲವೆಂದು ತಿಳಿದು ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಆದರೆ ಆ ಗ್ರಂಥಿಯ ಮಗ್ಗುಲಲ್ಲೇ ಎಳೆಯಂಥ ಒಂದು ನರ ಹಾಯುತ್ತದೆ. ಸ್ವರತಂತುಗಳನ್ನು ಎಳೆದು ಬಿಗಿ ಮಾಡುವ ಸ್ನಾಯುವಿಗೆ ಅಪ್ಪಣೆ ಕೊಡುವುದು ಅದೇ. ಅದು ಸ್ವಲ್ಪ ನೊಂದರೆ ಮಾತಿಗೆ ತೊಂದರೆಯಿಲ್ಲ, ಊಟಕ್ಕೆ ತೊಂದರೆಯಿಲ್ಲ. ಎತ್ತರದ ಸ್ವರ ಮಾತ್ರ ಬರುವುದಿಲ್ಲ. ಹಾಡದವರಿಗೆ ಅದು ಗೊತ್ತೂ ಆಗುವುದಿಲ್ಲ.

ಗಾಯ ಮಾಗಿದ ಮೇಲೆ ಕೆಳಗಿನ ಮನೆಯ ಹಾಲಿನಲ್ಲಿ ಇಬ್ಬರೂ ಕೂತರು. ಎರಡನೆಯ ಚರಣದ ಕೊನೆಯ ಸಾಲು ಮೇಲಕ್ಕೇರಿ ಅಲ್ಲೇ ನಿಲ್ಲುವ ಒಂದು ಹಾಡಿತ್ತು, ವೈನಿಯ ಹೆಸರನ್ನೇ ಅಂಟಿಸಿಕೊಂಡಿದ್ದ ಹಾಡು. ಆ ಸಾಲಿಗೆ ಬಂದಾಗ ಬಾಯಿ ತೆರೆದಿತ್ತು, ಬಂದದ್ದು ಗಾಳಿ. ಇನ್ನೊಮ್ಮೆ ನೋಡಿದರು. ಗಾಳಿ.

“ಬರೂದಿಲ್ಲಪಾ,” ಎಂದು ಎದ್ದು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟರು. ಆ ವಾರ ಆ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮಲ್ಲಿಕಾರ್ಜುನ ಮೇಲೆ ಬಂದು ಬಾಗಿಲಲ್ಲೇ ನಿಂತ. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಆಯುಷ್ಯ ಕಳೆದು ನಿವೃತ್ತನಾದವನು. ಬೇಡುವ ಅಭ್ಯಾಸ ಇಲ್ಲದವನು. “ಆಕಿ ಮಾತಾಡವಲ್ಲಳೋ. ಏನರೆ ಮಾಡು,” ಎಂದ.

ಮಿಲಿಂದ ಮಾಡಿದ. ಮುಂದಿನ ಸಲ ಕೆಳಗಿಳಿಯುವ ಮೊದಲು ನಾಲ್ಕೂ ತಂತಿಗಳನ್ನು ಅರ್ಧ ಸ್ವರ ಸಡಿಲಿಸಿದ. ಬೆರಳು ಎಂದಿನ ಜಾಗದಲ್ಲೇ ಇಟ್ಟರೂ ಸ್ವರ ಅರ್ಧ ಮೆಟ್ಟಿಲು, ಅಂದರೆ ಒಂದು ಮನೆ, ಕೆಳಗೆ ಹುಟ್ಟುತ್ತದೆ. ಅವನು ಬೆರಳಿಡುವ ಜಾಗ ನೋಡಿಯೇ ವೈನಿ ಹಾಡು ಎತ್ತಿಕೊಳ್ಳುವ ರೂಢಿ, ಆದ್ದರಿಂದ ಕೈ ಕದಲುವಂತಿರಲಿಲ್ಲ. ಒಂದೇ ದಿನದ ಮಟ್ಟಿಗೆ, ಧೈರ್ಯ ಬರಲಿ ಎಂದು. ವೈನಿ ಹಾಡಿದರು. ಆ ಸಾಲು ಬಂತು. ಸಣ್ಣಗೆ, ನಡುಗುತ್ತ, ಆದರೂ ಮೇಲಕ್ಕೇರಿ ನಿಂತಿತು.

“ಏನ್ರೀ! ಬಂತ್ರೀ! ಕೇಳಿದ್ರೇನು?” ಎಂದು ಅವರು ಒಳಗೆ ಓಡಿದರು. ಮಲ್ಲಿಕಾರ್ಜುನ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ ಬಂದು ತಮ್ಮನ ಕೈ ಹಿಡಿದ. ಏನೋ ಹೇಳಲು ಹೋದ ಮಿಲಿಂದ ಆ ಕೈಯ ಬಿಸಿಗೆ ಸುಮ್ಮನಾದ.

ವಾರ ವಾರಕ್ಕೆ ಕೂದಲೆಳೆಯಷ್ಟು ಏರಿಸುತ್ತಾ ಹೋಗಿ ಹಳೆಯ ಜಾಗಕ್ಕೆ ಮುಟ್ಟಿಸಿಬಿಟ್ಟರೆ ಸುಳ್ಳು ತಾನಾಗಿಯೇ ಸತ್ಯವಾಗುತ್ತದೆ ಎಂಬುದು ಅವನ ಯೋಜನೆ. ಲ್ಯಾಬಿನಲ್ಲಿ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಬಣ್ಣ ತಿರುಗುವುದನ್ನು ಕಾಯುವವನಿಗೆ ಅದು ಅಸಾಧ್ಯವೆನಿಸಲಿಲ್ಲ. ಆದರೆ ಚೂರು ಏರಿಸಿದ ದಿನವೇ ವೈನಿ ಕೆಮ್ಮಿದರು, ಮುಖ ಬಾಡಿತು. ಅವನು ಹಿಂದಕ್ಕೆ ಇಳಿಸಿದ. ಚಳಿಗಾಲದಲ್ಲಿ ಇನ್ನೂ ಅರ್ಧ ಇಳಿಸಬೇಕಾಯಿತು. ಅಷ್ಟು ಸಡಿಲಿಸಿದ ತಂತಿ ವಾದ್ಯದ ಕೊರಳಿಗೆ ಬಡಿದು ಗಡಗಡ ಎನ್ನುತ್ತದೆಂದು ಮೊದಲಿಗಿಂತ ದಪ್ಪ ತಂತಿ ತಂದು ಹಾಕಿದ. “ಹಳೇವು ಸವೆದಿದ್ವೇನು?” ಎಂದರು ವೈನಿ. “ಹೌದ್ರಿ,” ಎಂದ. ಫೋನಿನಲ್ಲಿ ತಂಬೂರಿ ಹಾಕಿಕೊಡು ಎಂದು ಅವರು ಕೇಳಿದಾಗ, ಆ ಆ್ಯಪಿನಲ್ಲಿ ಯಾರೂ ತೆರೆಯದ ಯಾವುದೋ ಪುಟದಲ್ಲಿ ಅದರ ಮೂಲ ಶ್ರುತಿಯನ್ನೇ ಕೆಳಗಿಳಿಸಿ ಕೊಟ್ಟ. ಪರದೆಯ ಮೇಲೆ ಹಳೆಯ ಸ್ಕೇಲಿನ ಹೆಸರೇ ಕಾಣುತ್ತಿತ್ತು. ಅವನ ಲ್ಯಾಬಿನಲ್ಲಿ ಯಾರಾದರೂ ತೂಕ ಸರಿಹೊಂದಲೆಂದು ತಕ್ಕಡಿಯ ಕಲ್ಲನ್ನೇ ತೇದಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದರು.

ಆಪರೇಷನ್ನಿನ ಹೊಸತರಲ್ಲಿ ಬೆಳಿಗ್ಗೆ ಕೆಳಗಿನಿಂದ ತುಟಿ ಪಟಪಟಿಸುವ, ‘ಊಂ’ ಎಂದು ದನಿಯನ್ನು ಮೇಲಕ್ಕೆ ಜಾರಿಸುವ ವ್ಯಾಯಾಮದ ಸದ್ದು ಬರುತ್ತಿತ್ತು. ಒಂದು ದಿನ ಅದು ನಿಂತಿತು. ಕೋರ್ಸು ಮುಗಿದಿರಬೇಕು ಎಂದುಕೊಂಡ ಮಿಲಿಂದ, ಕೇಳಲಿಲ್ಲ.

ಹಿರಿಯರು ತಂತಿಯ ಲೆಕ್ಕ ಹಾಕಿದ ಆ ಭಾನುವಾರ ತಾರ್ನಾಕದಲ್ಲಿ ಕೊನೆಯ ಹಾಡು ಮುಗಿದಾಗ ಮೂಲೆಯ ಮೇಜಿನಿಂದ ಒಬ್ಬ ಎದ್ದು ಚಪ್ಪಾಳೆ ತಟ್ಟುತ್ತಲೇ ಬಂದ. ಋಷಭ್. ಹುಬ್ಬಳ್ಳಿ ಕಡೆಯಿಂದ ಬಂದು ಮೂರು ತಲೆಮಾರು ಇಲ್ಲೇ ಕಳೆದ ಜೈನರ ಮನೆಯವನು. ವೈನಿ ಹಾಡುತ್ತಿದ್ದ ಹಳೆಯ ನೀಲಾಂಬರಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ.

“ಏನ್ ಗಂಟ್ಲ್ರೀ ಮೇಡಂ! ಆಪರೇಷನ್ ಆತು ಅಂತ ಕೇಳಿದ್ದೆ, ಹಂಗೇ ಐತಲ್ರಿ! ನೋಡ್ರಿ, ಬರೋ ತಿಂಗಳು ಉಪ್ಪಲ್‌ನ್ಯಾಗ ಹಾಲ್ ತಗೊಂಡೀವಿ. ಮಧ್ಯಾಹ್ನದ ಶೋ. ನೀಲಾಂಬರಿಯವ್ರು ಎಲ್ಲಾರೂ ಒಂದೇ ಸ್ಟೇಜಿನ ಮ್ಯಾಗ. ನೀವಿಲ್ಲಾಂದ್ರ ಬಿರಿಯಾನಿ ಇಲ್ದ ದಾವತ್ ಆಗ್ತೈತಿ.”

“ಬಿರಿಯಾನಿ ರುಚಿ ನಿನಗೇನು ಗೊತ್ತೋ, ಉಳ್ಳಾಗಡ್ಡಿ ತಿನ್ನದವನ?”

“ವೆಜ್ ಬಿರಿಯಾನಿ, ಮೇಡಂ.”

“ಅದಕ್ಕ ಪಲಾವ್ ಅಂತಾರಪಾ.” ವೈನಿಯ ಮುಖ ಕೆಂಪಾಗಿತ್ತು. “ಆತು, ಬರ್ತೀನಿ. ಬೇಸ್‌ಗೆ ಮಿಲಿಂದನ್ನೂ ಕರಕೊಂಡು ಬರ್ತೀನಿ.”

“ಸ್ಕೇಲ್ ಹಳೇದೇ ಏನ್ರಿ? ಟ್ರ್ಯಾಕ್ ಎಲ್ಲಾ ಕಂಪ್ಯೂಟರಿನ್ಯಾಗ ಮೊದ್ಲೇ ಕೂಡಿಸಿ ಇಟ್ಟಿರ್ತೀನಿ.”

“ಹಳೇದೇ. ದರ ಭಾನುವಾರ ಅದರಾಗ ಹಾಡಾಕತ್ತೀನಲ್ಲ. ಬೇಕಾದ್ರ ಮಿಲಿಂದನ್ನ ಕೇಳು.”

ಇಬ್ಬರೂ ಮಿಲಿಂದನ ಕಡೆ ತಿರುಗಿದರು. ಕೇಬಲ್ಲು ಸುತ್ತುತ್ತಿದ್ದ ಮಿಲಿಂದ, “ಹೌದು,” ಎಂದ.

ಹೇಳಬೇಕೆಂದು ಅವನು ಪ್ರಯತ್ನಿಸಲಿಲ್ಲವೆಂದಲ್ಲ. ಮನೆಗೆ ಹೋಗುವ ಆಟೋದಲ್ಲೇ “ವೈನಿ, ಒಂದು ಮಾತು” ಎಂದು ಶುರುಮಾಡಿದ. “ನಾ ಮೊದಲು ಹೇಳ್ತೀನಿ,” ಎಂದರು ಅವರು, “ಆಸ್ಪತ್ರ್ಯಾಗ ಮಲಗಿದ್ದಾಗ ಇನ್ನ ಸ್ಟೇಜು ನನ್ನ ಹಣೇಬರ್ದಾಗ ಇಲ್ಲಂತ ಬರಕೊಂಡುಬಿಟ್ಟಿದ್ದೆ ನೋಡು,” ಎಂದು ಹೇಳುತ್ತ ಹೊರಗೆ ನೋಡಿದರು. ಅವನ ಮಾತು ಅಲ್ಲೇ ಉಳಿಯಿತು. ಇನ್ನೊಂದು ದಿನ ಗಟ್ಟಿ ಮನಸ್ಸು ಮಾಡಿ ಕೆಳಗಿಳಿದರೆ, ವೈನಿ ಮಂಚದ ಮೇಲೆ ಹೊಸ ನಾರಾಯಣಪೇಟೆ ಸೀರೆ ಹರವಿಕೊಂಡು, “ಬೆಳಕಿಗೆ ಈ ಅಂಚು ಹೊಳೀತೈತೇನು ಹೇಳು,” ಎಂದರು. ಹೊಳೆಯುತ್ತದೆ ಎಂದು ಹೇಳಿ ಹತ್ತಿ ಬಂದ.

ಕೊನೆಗೆ ಅವನು ಫೋನು ಮಾಡಿದ್ದು ಋಷಭ್‌ಗೆ.

“ಟ್ರ್ಯಾಕಿಗೆ ಮೈನಸ್ ಟು ಹಾಕು. ಎರಡು ಮನೆ ಇಳಿಸು. ವೈನಿಗೆ ಹೇಳಬ್ಯಾಡ.”

“ಮೇಡಂಗೆ ಗೊತ್ತಿಲ್ಲೇನು?”

“ಇಲ್ಲ.”

“ಎಷ್ಟು ದಿನಾತು?”

“ಹಾಡಾಕ ಮತ್ತ ಶುರು ಮಾಡಿದಾಗಿನಿಂದ.”

“ಯಾ ಅಲ್ಲಾ!” ಎಂದ ಋಷಭ್. ಹೈದರಾಬಾದಿನಲ್ಲಿ ಗಾಬರಿಯಾದಾಗ ಜೈನರಿಗೂ ಅದೇ ಬರುತ್ತದೆ. “ನಕ್ಕೊ ಭಾಯ್, ಇದು ಛಲೋ ಕೆಲಸ ಅಲ್ಲ.” ಆಮೇಲೆ ನಿಟ್ಟುಸಿರು. “ಇಳಸ್ತೀನಿ ತಗೋ. ನನಗೇನು, ಒಂದು ಬಟನ್ ಒತ್ತೋದು.”

ಮಿಲಿಂದ ಆ ದಿನ ಬಹಳ ಕಾಲದ ನಂತರ ಹೊಟ್ಟೆ ತುಂಬ ಉಂಡ. ಕೀಬೋರ್ಡಿಗೆ ಬಟನ್ನು, ಅವನ ತಂತಿಗೆ ಬಿರಡೆ. ಅವನ ಯೋಚನೆ ಅಷ್ಟಕ್ಕೇ ನಿಂತಿತ್ತು. ಬಿದಿರು ಅವನಿಗೆ ನೆನಪೇ ಆಗಲಿಲ್ಲ. ಕೊಳಲನ್ನು ಸಡಿಲಿಸಲು ಬಿಗಿಸಲು ಬರುವುದಿಲ್ಲ. ಒಂದೊಂದು ಶ್ರುತಿಗೆ ಒಂದೊಂದು ಕೊಳಲು, ತೂತು ಕೊರೆದ ದಿನ ಯಾವ ಸ್ವರವೋ ಸಾಯುವವರೆಗೆ ಅದೇ ಸ್ವರ.

ಕೊಳಲು ಅಮರೇಶಪ್ಪನದು. ರಾಯಚೂರಿನವರು, ನೀಲಾಂಬರಿಯಲ್ಲಿ ಎಲ್ಲರಿಗಿಂತ ಹಿರಿಯರು; ವೈನಿಯನ್ನು ತಂಗಿ ಎಂದೇ ಕರೆಯುತ್ತಿದ್ದವರು. ಶೋ ದಿನ ಉಪ್ಪಲ್‌ನ ಹಾಲಿಗೆ ಎಲ್ಲರೂ ಊಟಕ್ಕೆ ಮುಂಚೆಯೇ ಸೇರಿದರು. ಬೇರೆ ರಿಹರ್ಸಲ್ ಇರಲಿಲ್ಲ. ಹಳೆಯ ಹಾಡು, ಹಳೆಯ ಜನ, ಮೈಕು ಪರೀಕ್ಷೆ ಮಾಡುವಾಗ ಒಂದೊಂದು ಸಾಲು ನುಡಿಸಿ ನೋಡಿದರೆ ಸಾಕು ಎಂದು ಮಾತಾಗಿತ್ತು. ಋಷಭ್ ಟ್ರ್ಯಾಕ್ ಬಿಟ್ಟ. ಮಿಲಿಂದ ಇಳಿಸಿದ ತಂತಿಗಳಲ್ಲೇ ಅದಕ್ಕೆ ಹೊಂದಿಕೊಂಡ. ಅಮರೇಶಪ್ಪ ಚೀಲದಿಂದ ಆ ಹಾಡಿಗೆಂದೇ ಒರೆಸಿ ಇಟ್ಟಿದ್ದ ಕೊಳಲು ತೆಗೆದು ಊದಿದರು. ಕೇಳಿದವರ ಹಲ್ಲು ಜುಮ್ಮೆನ್ನುವಂತೆ ಎರಡೂ ಒಂದಕ್ಕೊಂದು ಉಜ್ಜಿದವು.

“ಏ ತಮ್ಮಾ, ಯಾಕ ಶ್ರುತಿ ಇಳಿಸೀಯೋ?” ಎಂದರು ಅಮರೇಶಪ್ಪ, ಹಾಲಿನ ಕೊನೆಯವರೆಗೆ ಕೇಳುವ ದನಿಯಲ್ಲಿ. “ಇದು ನಮ್ಮ ತಂಗಿ ಹಾಡೋ ಶ್ರುತಿ ಅಲ್ಲ. ಎರಡು ಮನಿ ಕೆಳಗೈತಿ.”

ಋಷಭ್ ಮಿಲಿಂದನನ್ನು ನೋಡಿದ.

“ಇಳಿಸೀಯೇನು?” ವೈನಿ ಮುಂದೆ ಬಂದರು. “ಯಾಕ?”

“ಅದು... ಮೇಡಂ, ಆಪರೇಷನ್ ಆಗೈತಿ, ಸೇಫ್ಟಿಗೆ ಅಂತ...”

ವೈನಿ ನಕ್ಕರು. “ಮುದುಕಿ ಮಾಡಿದ್ಯಲ್ಲೋ ನನ್ನ! ಇಳಿಸಿದ ಸ್ಕೇಲಿನ್ಯಾಗ ಹಾಡಾಕ ಇಲ್ಲಿತನಕ ಬರಬೇಕಾಗಿತ್ತೇನು? ಏರಿಸು. ಎಲ್ಲಿತ್ತೋ ಅಲ್ಲಿಗೆ ಹಚ್ಚು. ಮಿಲಿಂದ, ಹೇಳೋ ಇವನಿಗೆ.”

ವೇದಿಕೆಯ ಮೇಲೆ ಯಾರೂ ಅವಸರ ಮಾಡಲಿಲ್ಲ. ಪರದೆ ಏಳಲಿಲ್ಲ, ಯಾರೂ ಕರೆಯಲಿಲ್ಲ, ಕರೆಂಟು ಹೋಗಲಿಲ್ಲ. ಸತ್ಯ ಹೇಳಲು ಬೇಕಾದಷ್ಟು ಹೊತ್ತು ಇತ್ತು. ಮಿಲಿಂದ ವೈನಿಯ ಮುಖ ನೋಡಿದ. ಸೀರೆಯ ಅಂಚು ನಿಜಕ್ಕೂ ಹೊಳೆಯುತ್ತಿತ್ತು. ಸುತ್ತ ಅವರ ಯೌವನವನ್ನು ಕಂಡ ಜನ ನಿಂತಿದ್ದರು. ಇವರೆಲ್ಲರ ಮುಂದೆ ತನ್ನ ಬಾಯಿಂದ ತಿಳಿಯಬೇಕು, ಇಲ್ಲವೇ ಅವರದೇ ಗಂಟಲಿನಿಂದ ತಿಳಿಯಬೇಕು. ಮೂರನೆಯ ದಾರಿಯನ್ನು ಹುಡುಕುತ್ತ ಹುಡುಕುತ್ತ ಅವನ ಬಾಯಿಂದ ಬಂದದ್ದು, “ಏರಿಸು, ಋಷಭ್.”

ಮೈಕು ಪರೀಕ್ಷೆ ಅಲ್ಲಿಗೆ ಮುಗಿಯಿತು. ವೈನಿ ಪೂರ್ತಿ ಹಾಡಿ ನೋಡಲಿಲ್ಲ. ಗಂಟಲು ಉಳಿಸಿಕೊಳ್ಳುತ್ತೇನೆ ಎಂದರು.

ಹಾಲು ತುಂಬಿತ್ತು. ಅವರ ಹಾಡು ಬಂದಾಗ ನಿರೂಪಕ ಹೆಸರು ಹೇಳುವ ಮೊದಲೇ ಹಿಂದಿನ ಸಾಲುಗಳಿಂದ ಸೀಟಿ ಬಂತು. ಕೊಳಲು ಎತ್ತಿಕೊಂಡಿತು. ಮಿಲಿಂದನ ತಂತಿಗಳು ಇನ್ನೂ ಇಳಿಸಿದಲ್ಲೇ ಇದ್ದವು. ಆ ದಪ್ಪ ತಂತಿಗಳನ್ನು ಹಳೆಯ ಜಾಗಕ್ಕೆ ಬಿಗಿದರೆ ಕೊರಳು ಬಾಗುತ್ತದೆ. ನಿಜವಾದ ಸ್ವರ ಬೇಕಾದರೆ ಎಡಗೈ ಎರಡು ಮನೆ ಮೇಲಕ್ಕೆ ಸರಿಯಬೇಕು. ಸರಿಸಿದ.

ವೈನಿ ರೂಢಿಯಂತೆ ಹಾಡು ಎತ್ತಿಕೊಳ್ಳಲು ಅವನ ಕೈ ನೋಡಿದರು. ಕೈ ಎಂದಿನ ಜಾಗದಲ್ಲಿರಲಿಲ್ಲ.

ಅವರು ಹಾಡತೊಡಗಿದರು, ಕಣ್ಣು ಮಾತ್ರ ಅಲ್ಲಿಂದ ಕದಲಲಿಲ್ಲ. ಪಲ್ಲವಿಯ ಮೊದಲ ಏರಿಕೆಯಲ್ಲೇ ದನಿ ತೆಳುವಾಯಿತು. ಮೊದಲನೆಯ ಚರಣದ ನಡುವೆ ಒಂದು ಪದ ಪೂರ್ತಿ ಗಾಳಿಯಾಯಿತು. ಸೌಂಡಿನವನು ಮೈಕು ಕೆಟ್ಟಿತೆಂದು ಬೋರ್ಡಿನ ಮೇಲೆ ಏನೋ ಎತ್ತಿದ, ಇಳಿಸಿದ. ವೈನಿ ಮಿಲಿಂದನ ಕೈಯಿಂದ ಅವನ ಮುಖಕ್ಕೆ ನೋಟ ಎತ್ತಿದರು. ಅವನು ನುಡಿಸುತ್ತಲೇ ಇದ್ದ. ಬೇರೇನು ಮಾಡಲು ಬರುತ್ತದೆ? ಬೇಸ್ ನಿಂತರೆ ಹಾಡೇ ಬೀಳುತ್ತದೆ. ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಎರಡನೆಯ ಚರಣದ ಆ ಸಾಲು ಒಂದೊಂದು ತಾಳಕ್ಕೂ ಹತ್ತಿರ ಬರುತ್ತಿತ್ತು. ಅದಕ್ಕೆ ನೆಲ ಹಾಸುತ್ತಿದ್ದುದು ಅವನದೇ ಬೆರಳು.

ಆ ಸಾಲು ಬಂದಾಗ ವೈನಿ ನಕ್ಕು, ಮೈಕನ್ನು ಜನರ ಕಡೆ ಚಾಚಿದರು. “ನೀವು!” ಎಂದರು. ಇಡೀ ಹಾಲು ಹಾಡಿತು. ಆಮೇಲಿನ ಹಾಡಿನ ಎತ್ತರದ ಸಾಲನ್ನು, “ಇದನ್ನ ನಮ್ಮಣ್ಣನ ಕೊಳಲು ಹಾಡ್ತೈತಿ, ಕೇಳ್ರಿ,” ಎಂದು ಅಮರೇಶಪ್ಪನಿಗೆ ಒಪ್ಪಿಸಿದರು. ಮೂರನೆಯ ಹಾಡಿಗೆ ಅವರು ಬರಲಿಲ್ಲ. ಚಪ್ಪಾಳೆ ನಿಲ್ಲಲಿಲ್ಲ. ಕೆಳಗಿಳಿದಾಗ ಅಮರೇಶಪ್ಪ, “ತಂಗೀ, ಜನರನ್ನ ಹಾಡಸೋ ಕಲೆ ಅಂದ್ರ ನಿಂದು!” ಎಂದರು. ಯಾರಿಗೂ ಗೊತ್ತಾಗಲಿಲ್ಲ.

ಆಟೋ ನಾಗೋಲು ದಾಟಿತು. ಇಬ್ಬರ ನಡುವೆ ಬೇಸಿನ ಚೀಲ ನಿಂತಿತ್ತು.

“ಎಷ್ಟು?” ಎಂದರು ವೈನಿ.

“ಮೈನಸ್ ಟು.”

“ಯಾವಾಗಿನಿಂದ?”

“ಬಂತು ಅಂದ್ರಲ್ಲ, ಅವತ್ತಿನಿಂದ. ಅವತ್ತು ಒಂದೇ ಇಳಿಸಿದ್ದೆ.”

“ಅವತ್ತೂ ಬಂದಿದ್ದಿಲ್ಲ ಹಂಗಾದ್ರ. ನನ್ನ ಫೋನಿನ ತಂಬೂರಿ?”

“ಅದೂ.”

“ಶಿವನ!” ಎಂದು ಕಣ್ಣು ಮುಚ್ಚಿಕೊಂಡರು. “ಋಷಭ್‌ಗ ಗೊತ್ತಿತ್ತಲ್ಲ. ಅವಗ ಗೊತ್ತು, ನನಗ ಗೊತ್ತಿಲ್ಲ. ನನ್ನ ಗಂಟ್ಲು.”

“ವೈನಿ, ನಿಮಗ ಧೈರ್ಯ ಬರ್ಲಿ ಅಂತ...”

“ವ್ಯಾಯಾಮ ಯಾಕ ಬಿಟ್ಟೆ ಗೊತ್ತೇನು ನಾನು?” ದನಿ ಏರಲಿಲ್ಲ, ಏರುವಂತೆಯೂ ಇರಲಿಲ್ಲ. “ಮೊದಲನೇ ವರ್ಷ ನರಕ್ಕ ಜೀವ ಬರೋ ಕಾಲ, ಎತ್ತರದ ಸ್ವರ ಬರೋತನಕ ಬಿಡಬ್ಯಾಡ್ರಿ ಅಂದಿದ್ರು ಅವರು, ಆಸ್ಪತ್ರ್ಯಾಗ ವ್ಯಾಯಾಮ ಹೇಳಿಕೊಡೋ ಮೇಡಂ. ನಾನು ಬಂತ್ರಿ ಅಂತ ಹೋದೆ. ಧಾರವಾಡ ಪೇಢಾ ತಗೊಂಡು ಹೋಗಿದ್ದೆ. ಹಾಡಿ ತೋರಸ್ರಿ ಅಂದ್ರು. ತೋರಿಸಿದೆ. ಫೋನಿನ ತಂಬೂರಿ ಹಚ್ಚಿಕೊಂಡು.”

ಮಿಲಿಂದನಿಗೆ ಕೆಳಗಿನ ಮನೆಯಿಂದ ಬರುತ್ತಿದ್ದ ಆ ಪಟಪಟ ಸದ್ದು, ಅದು ನಿಂತ ಬೆಳಗು, ಎರಡೂ ಒಟ್ಟಿಗೆ ಬಂದು ಎದೆಗೆ ಕೂತವು. ಆ ವರ್ಷ ಮುಗಿದು ಇನ್ನೊಂದು ವರ್ಷವೂ ಮುಗಿಯುತ್ತ ಬಂದಿತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆದ. ಅಷ್ಟು ಸಣ್ಣ ಮಾತನ್ನು ಅಷ್ಟು ದೊಡ್ಡ ಜಾಗದಲ್ಲಿ ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಆಟೋ ಕೊತ್ತಪೇಟೆಯ ಸಿಗ್ನಲ್ಲಿನಲ್ಲಿ ನಿಂತಿತು, ಮತ್ತೆ ಹೊರಟಿತು.

ವಾರದ ನಡುವೆ ಮಲ್ಲಿಕಾರ್ಜುನ ಮೆಟ್ಟಿಲ ಮೇಲೆ ಸಿಕ್ಕ. ವೈನಿಯೂ ಅವನೂ ಆಸ್ಪತ್ರೆಗೆ ಹೋಗಿ ಬಂದಿದ್ದರು. “ವ್ಯಾಯಾಮ ಈಗೂ ಶುರು ಮಾಡಬಹುದಂತ. ಬರ್ತೈತೋ ಇಲ್ಲೋ ಹೇಳಾಕ ಬರೂದಿಲ್ಲ ಅಂದ್ರು,” ಎಂದ. ಮಿಲಿಂದ ಬೈಗುಳಕ್ಕೆ ಕಾದು ನಿಂತ. ಅಣ್ಣ ಮೆಟ್ಟಿಲ ಕಟಕಟೆ ಹಿಡಿದುಕೊಂಡ. “ನೀ ಒಳ್ಳೇದಕ್ಕ ಮಾಡಿದಿ ಅಂತ ಆಕಿಗೆ ಗೊತ್ತೈತಿ. ಅದಕ್ಕ ಬಯ್ಯಾಕೂ ಆಗವಲ್ದು ಆಕಿಗೆ,” ಎಂದು ಇಳಿದುಹೋದ. ಮಿಲಿಂದ ಬೈಸಿಕೊಂಡಿದ್ದರೇ ಚೆನ್ನಾಗಿತ್ತು.

ಭಾನುವಾರ ಬಂತು. ವೈನಿ ಬರುವುದಿಲ್ಲವೆಂದುಕೊಂಡು ಅವನು ಹೋಟೆಲಿನವನಿಗೆ ಹೇಳಲು ಒಂದು ನೆಪ ಹುಡುಕಿಕೊಳ್ಳುತ್ತಿದ್ದ. ಅವರು ಎಂದಿನ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. “ನಡಿ,” ಎಂದರು, “ಒಪ್ಪಿಕೊಂಡ ಕೆಲಸ ಐತಿ.”

ತಾರಸಿಯಲ್ಲಿ ಅವರು ಚೀಲದಿಂದ ಒಂದು ಸಣ್ಣ ಉಕ್ಕಿನ ಪೀಪಿ ತೆಗೆದರು. ಬಾಯಿಗಿಟ್ಟು ಊದಿದರೆ ಶ್ರುತಿ ಹೇಳುವ ಪೀಪಿ. ಕೋಠಿಯಲ್ಲಿ ವಾದ್ಯಗಳ ಅಂಗಡಿಗೆ ತಾವೇ ಹೋಗಿ ತಂದಿದ್ದರು. ಅದನ್ನು ಊದಿ, “ಹಚ್ಚು,” ಎಂದರು. ಮಿಲಿಂದ ತಂತಿ ಹೊಂದಿಸಿ ಮೀಟಿದ. ಅವರು ಮತ್ತೆ ಊದಿದರು, ಕಿವಿ ಬಾಗಿಸಿ ಎರಡನ್ನೂ ಕೇಳಿದರು. ಆಮೇಲೆ ತಮ್ಮ ಹಾಡಿಗೆ ಮೂರು ಮನೆ ಕೆಳಗಿನ ಸ್ಕೇಲನ್ನು ಹೆಸರು ಹಿಡಿದು ಹೇಳಿದರು. ಮೂರು. ಅವನು ಅಷ್ಟು ಇಳಿಸುವ ಧೈರ್ಯ ಎಂದೂ ಮಾಡಿರಲಿಲ್ಲ.

ಅವರು ಹಾಡಿದರು. ಮೊದಲ ಸಾಲಿಗೇ ಮಿಲಿಂದ ತಲೆಯೆತ್ತಿದ. ಅದು ಹಳೆಯ ದನಿಯಲ್ಲ. ಎರಡು ವರ್ಷ ಅವನು ಕೆಳಗಿನಿಂದ ಹೆಗಲು ಕೊಟ್ಟು ಎತ್ತಿ ನಿಲ್ಲಿಸಿದ್ದ ಆ ನಡುಗುವ ದನಿಯೂ ಅಲ್ಲ. ಎಲ್ಲಿಗೂ ಏರುವ ಆಸೆಯಿಲ್ಲದ, ತುಂಬಿದ, ಸ್ವಲ್ಪ ಒರಟಾದ ದನಿ. ಕೊಡದ ತಳದಿಂದ ಬಂದ ಹಾಗೆ. ಎರಡನೆಯ ಚರಣದ ಕೊನೆಯ ಸಾಲನ್ನು ಅವರು ಮೇಲಕ್ಕೆ ಒಯ್ಯದೆ ಇದ್ದಲ್ಲೇ ನಿಲ್ಲಿಸಿ, ಕೊನೆಯ ಅಕ್ಷರವನ್ನು ನಿಧಾನವಾಗಿ ಕೆಳಗಿಟ್ಟರು. ಗಲ್ಲಾದಲ್ಲಿದ್ದ ಮಾಲೀಕ ಎಣಿಸುವುದನ್ನು ಬಿಟ್ಟು ನೋಡಿದ. ಮೇಜೊಂದರಲ್ಲಿ ಚಮಚದ ಸದ್ದು ನಿಂತಿತು.

ಇಷ್ಟು ವರ್ಷ ಅವರ ಪಕ್ಕದಲ್ಲಿ ನಿಂತು ನುಡಿಸಿದ ಮಿಲಿಂದನಿಗೆ ಗೊತ್ತಿತ್ತು: ಇಷ್ಟು ಚೆನ್ನಾಗಿ ಅವರು ಎಂದೂ ಹಾಡಿರಲಿಲ್ಲ. ಅದನ್ನು ತೂಗಿ ಹೇಳಬಲ್ಲ ಕಿವಿ ಆ ತಾರಸಿಯಲ್ಲಿ ಅವನದೊಂದೇ. ಹೇಳಬೇಕೆಂದು ಗಂಟಲವರೆಗೆ ಬಂತು.

“ವೈನಿ,” ಎಂದ.

ಅವರು ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸದಾಗಿ ಸೇರಿದ ಬೇಸ್ ನುಡಿಸುವವನನ್ನು ನೋಡುವಷ್ಟು ಸೌಜನ್ಯವಿತ್ತು. “ಏನು?” ಎಂದರು.

ಚೆನ್ನಾಗಿತ್ತು ಎಂದರೆ ಅವರು ನಕ್ಕು ತಲೆಯಾಡಿಸುತ್ತಾರೆ. ನಂಬುವುದಿಲ್ಲ. ನಂಬಬಾರದೆಂದು ಕಲಿಸಿದವನು ಅವನೇ.

“ಮುಂದಿನದು ಯಾವ ಸ್ಕೇಲ್ರಿ?” ಎಂದು ಕೇಳಿದ.

ವೈನಿ ಪೀಪಿಯನ್ನು ತುಟಿಗಿಟ್ಟುಕೊಂಡರು.